ಹಾಡು ಯಾರದು ಎಂದು ಕೇಳುವ ಕೆಲಸ

ಪ್ರಶ್ನೆ: ನಾನು ಧಾರವಾಡದಲ್ಲಿ ಪತ್ರಿಕೋದ್ಯಮ ಓದುತ್ತಿರುವ ವಿದ್ಯಾರ್ಥಿನಿ. ರಾಕ್ ಸಂಗೀತವನ್ನೂ ನಮ್ಮ ಕಡೆಯ ತತ್ವಪದಗಳನ್ನೂ ಒಂದೇ ಪ್ರೀತಿಯಿಂದ ಕೇಳುತ್ತಾ ಬೆಳೆದವಳು. ಸಂಗೀತಗಾರರನ್ನು ಸಂದರ್ಶಿಸುವುದನ್ನೇ ವೃತ್ತಿಯಾಗಿ ಮಾಡಿಕೊಳ್ಳಲು ಸಾಧ್ಯವೇ? ರಾಕ್ ಕಲಾವಿದರನ್ನು ಮಾತನಾಡಿಸುವುದಕ್ಕೂ ಜನಪದ ಗಾಯಕರನ್ನು ಮಾತನಾಡಿಸುವುದಕ್ಕೂ ಏನು ವ್ಯತ್ಯಾಸ? ಈ ಕೆಲಸದಲ್ಲಿ ಹೆಸರು ಮಾಡಿದವರು ಅದನ್ನು ಹೇಗೆ ಮಾಡಿದರು?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಗೆಹರಿದರೆ ಉಳಿದೆರಡರ ದಾರಿ ಸಲೀಸಾಗುತ್ತದೆ. ಇಪ್ಪತ್ತೈದು ವರ್ಷಗಳಿಗೂ ಮೀರಿ ಈ ಕೆಲಸದಲ್ಲಿರುವ ನಾನು ಬೆಂಗಳೂರಿನ ಹೋಟೆಲ್ ಕೋಣೆಗಳಲ್ಲಿ ಹೊರದೇಶದ ಬ್ಯಾಂಡಿನವರ ಎದುರಿಗೂ ಕುಳಿತಿದ್ದೇನೆ, ಹಾವೇರಿ ಮತ್ತು ಚಾಮರಾಜನಗರದ ಹಳ್ಳಿಗಳ ಜಗಲಿಗಳ ಮೇಲೆ ಪದ ಹಾಡುವವರ ಎದುರಿಗೂ ಕುಳಿತಿದ್ದೇನೆ. ರಾಕ್ ಕಲಾವಿದ ಹಾಡನ್ನು ತನ್ನದೆನ್ನುತ್ತಾನೆ, ಜನಪದ ಗಾಯಕ ಹಿರಿಯರದೆನ್ನುತ್ತಾನೆ ಎಂಬ ತಿಳಿವಳಿಕೆಯನ್ನು ಕಟ್ಟಿಕೊಂಡೇ ನಾನೂ ಹೊರಟಿದ್ದೆ. ಎರಡೂ ಅರ್ಧ ಸತ್ಯಗಳು. ಉಳಿದರ್ಧವನ್ನು ಕೇಳುವುದರಲ್ಲಿಯೇ ಸಂದರ್ಶಕರ ಕೆಲಸವಿದೆ.

ಇದು ನನಗೆ ಮನದಟ್ಟಾದದ್ದು ಒಂದು ಹಳೆಯ ಧ್ವನಿಮುದ್ರಣದಿಂದ. 1941ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಸಮೀಪದ ಸ್ಟೋವಾಲ್ ಎಂಬ ಹತ್ತಿ ತೋಟಕ್ಕೆ ಇಬ್ಬರು ಧ್ವನಿಮುದ್ರಣ ಯಂತ್ರವನ್ನು ಹೊತ್ತುಕೊಂಡು ಬಂದರು. ಒಬ್ಬರು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಪರವಾಗಿ ಜನಪದ ಹಾಡುಗಳನ್ನು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್, ಇನ್ನೊಬ್ಬರು ಫಿಸ್ಕ್ ವಿಶ್ವವಿದ್ಯಾಲಯದ ಸಂಗೀತ ಪ್ರಾಧ್ಯಾಪಕ ಜಾನ್ ವರ್ಕ್. ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮೆಕಿನ್ಲೆ ಮಾರ್ಗನ್‌ಫೀಲ್ಡ್ ಎಂಬ ಯುವಕ ಅವರ ಮುಂದೆ ಅಮೆರಿಕದ ಕಪ್ಪು ಜನರ ಜನಪದ ಪ್ರಕಾರವಾದ ಬ್ಲೂಸ್‌ನ ಒಂದು ಹಾಡು ಹಾಡಿದ. ಊರಿನವರು ಅವನನ್ನು ಕರೆಯುತ್ತಿದ್ದ ಹೆಸರು ಮಡ್ಡಿ ವಾಟರ್ಸ್. ಹಾಡು ಮುಗಿದ ಮೇಲೆ ಲೋಮ್ಯಾಕ್ಸ್ ಅದನ್ನು ಯಾವಾಗ ಕಟ್ಟಿದೆ, ಹೇಗೆ ಕಟ್ಟಿದೆ ಎಂದು ಕೇಳಿದರು. ಮೂರು ವರ್ಷಗಳ ಹಿಂದೆ ಕಾರಿನ ಚಕ್ರದ ಪಂಕ್ಚರ್ ಸರಿಮಾಡುತ್ತಿದ್ದಾಗ, ಒಬ್ಬ ಹುಡುಗಿಯಿಂದ ನೊಂದ ಮನಸ್ಸಿನಲ್ಲಿ ತಾನೇ ಕಟ್ಟಿದೆನೆಂಬುದು ಮೊದಲ ಉತ್ತರ. ಲೋಮ್ಯಾಕ್ಸ್ ಅಲ್ಲಿಗೇ ನಿಲ್ಲಿಸದೆ, ಇದೇ ಧಾಟಿಯ ಬೇರೆ ಹಾಡುಗಳಿವೆಯೇ ಎಂದು ಮುಂದಕ್ಕೆ ಕೇಳಿದರು. ಆಗ ಉತ್ತರ ಒಂದೊಂದೇ ಪದರವಾಗಿ ಬಿಚ್ಚಿಕೊಂಡಿತು. ಇದು ಹತ್ತಿ ಹೊಲದಿಂದ ಬಂದದ್ದು. ರಾಬರ್ಟ್ ಜಾನ್ಸನ್ ಎಂಬ ಹುಡುಗ ಇದನ್ನು ರೆಕಾರ್ಡು ಮಾಡಿದ್ದಾನೆ. ಆದರೆ ತಾನು ಆ ರೆಕಾರ್ಡಿಗಿಂತ ಮುಂಚೆಯೇ ಈ ಧಾಟಿಯನ್ನು ಕೇಳಿದ್ದು, ಕಲಿತದ್ದು ಸನ್ ಹೌಸ್ ಎಂಬ ಹಿರಿಯರಿಂದ.

ಅವಸರದ ವರದಿಗಾರನಾಗಿದ್ದರೆ ಮೊದಲ ಉತ್ತರಕ್ಕೇ ನೋಟ್‌ಬುಕ್ ಮುಚ್ಚುತ್ತಿದ್ದ, ಇಲ್ಲವೇ ಕೊನೆಯ ಉತ್ತರ ಹಿಡಿದುಕೊಂಡು ಗಾಯಕನ ಸುಳ್ಳು ಬಯಲಾಯಿತೆಂದು ಬರೆಯುತ್ತಿದ್ದ. ಮಡ್ಡಿ ವಾಟರ್ಸ್ ಹೇಳಿದ ನಾಲ್ಕೂ ಮಾತುಗಳು ಏಕಕಾಲಕ್ಕೆ ನಿಜವೆಂದು ನಾನು ನಂಬುತ್ತೇನೆ. ಅದೇ ಮನುಷ್ಯ 1943ರಲ್ಲಿ ಶಿಕಾಗೊಗೆ ಹೋಗಿ, ಎಲೆಕ್ಟ್ರಿಕ್ ಗಿಟಾರ್ ಹಿಡಿದು, 1950ರಲ್ಲಿ ‘ರೋಲಿನ್ ಸ್ಟೋನ್’ ಎಂಬ ಹಾಡನ್ನು ಹೊರತಂದರು. ಲಂಡನ್ನಿನ ಹುಡುಗರು 1962ರಲ್ಲಿ ತಮ್ಮ ಬ್ಯಾಂಡಿಗೆ ರೋಲಿಂಗ್ ಸ್ಟೋನ್ಸ್ ಎಂಬ ಹೆಸರನ್ನು ಆರಿಸಿಕೊಂಡದ್ದು ಆ ಹಾಡಿನಿಂದ. 1967ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ ಪತ್ರಿಕೆಯ ಹೆಸರಿನ ಹಿಂದೆಯೂ ಅದೇ ಹಾಡಿದೆ. ಆ ಬ್ಯಾಂಡು 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಜನರ ನಡುವೆ ನಿಂತಿದ್ದ ನನಗೆ, ಜನಪದವೂ ರಾಕ್ ಸಂಗೀತವೂ ಎರಡು ಬೇರೆ ಬೇರೆ ಕ್ಷೇತ್ರಗಳೆಂದು ಭಾವಿಸಿ ಎರಡು ಬಗೆಯ ಪ್ರಶ್ನೆಪಟ್ಟಿಗಳನ್ನು ಇಟ್ಟುಕೊಂಡಿದ್ದು ತಪ್ಪೆಂದು ಬಲವಾಗಿ ಅನ್ನಿಸಿತು.

ನಮ್ಮಲ್ಲಿ ಇದಕ್ಕೆ ಅಂಕಿತವೆಂಬ ಸೊಗಸಾದ ಕಟ್ಟಳೆಯೇ ಇದೆ. ಪದದ ಕೊನೆಯಲ್ಲಿ ‘ಶಿಶುನಾಳಧೀಶ’ ಬಂತೆಂದರೆ ಅದು ಷರೀಫರ ಪದವೆಂದು ನಿಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಏಕತಾರಿ ಹಿಡಿದು ಹಾಡುತ್ತಿದ್ದ ಹಿರಿಯರೊಬ್ಬರನ್ನು ನಾನು ಅಂಥ ಒಂದು ಪದದ ಬಗ್ಗೆ ಕೇಳಿದೆ. ಅವರು ತಂತಿಯ ಬಿಗಿಯನ್ನು ಹೆಬ್ಬೆರಳಿನಿಂದ ಮೀಟಿ ನೋಡುತ್ತಾ, ಅಂಕಿತ ಷರೀಫಜ್ಜನದೆಂದೂ, ಧಾಟಿ ತಮ್ಮ ತಂದೆಯದೆಂದೂ, ನಡುವಿನ ಒಂದು ನುಡಿ ಮಾತ್ರ ತಮ್ಮದೆಂದೂ ಹೇಳಿದರು. ಆ ನುಡಿಯನ್ನು ಬೇರೆಯಾಗಿ ಹಾಡಿಯೂ ತೋರಿಸಿದರು. ಅಲ್ಲಿ ಅವರ ದನಿ ತುಸು ತಗ್ಗಿತ್ತು. ಮೂರು ಒಡೆತನಗಳನ್ನೂ ನಾನು ಬರಹದಲ್ಲಿ ಸ್ಪಷ್ಟವಾಗಿ ದಾಖಲಿಸಿದ್ದೆ. ಆದರೆ ಅದನ್ನು ಪ್ರಕಟಿಸಿದ ವಾರಪತ್ರಿಕೆಯವರು ಜಾಗ ಸಾಲದೆಂದು ಆ ಪ್ಯಾರಾವನ್ನು ತೆಗೆದು, ಆ ಪದವನ್ನೇ ಅವರು ರಚಿಸಿದರೆಂಬ ಅರ್ಥ ಬರುವ ತಲೆಬರಹ ಕೊಟ್ಟರು. ಷರೀಫರ ಪದವನ್ನು ಕದ್ದವನೆಂದು ಊರಿನ ಭಜನಾ ಮೇಳದವರು ಆ ಹಿರಿಯರನ್ನು ಆಡಿಕೊಂಡರು. ನಾನು ಮತ್ತೆ ಅಲ್ಲಿಗೆ ಹೋಗಿ, ಮೇಳದವರನ್ನೆಲ್ಲ ಸೇರಿಸಿ, ಮುದ್ರಿಸಿಕೊಂಡಿದ್ದ ಅವರ ಮಾತನ್ನು ಅವರೆದುರಿಗೇ ಕೇಳಿಸಬೇಕಾಯಿತು. ಅಂದಿನಿಂದ, ತಲೆಬರಹವನ್ನು ಪ್ರಕಟಣೆಗೆ ಮುಂಚೆ ನೋಡುತ್ತೇನೆಂಬ ಷರತ್ತನ್ನು ಸಂಪಾದಕರ ಮುಂದಿಡದೆ ನಾನು ಯಾವ ಸಂದರ್ಶನವನ್ನೂ ಅಚ್ಚಿಗೆ ಕೊಟ್ಟಿಲ್ಲ.

ಒಂದು ವಾಕ್ಯ ತನ್ನ ನೆರೆಹೊರೆಯನ್ನು ಕಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ರಾಕ್ ಚರಿತ್ರೆಯ ದೊಡ್ಡ ಉದಾಹರಣೆ 1966ರದು. ಲಂಡನ್ನಿನ ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಯ ಮೌರೀನ್ ಕ್ಲೀವ್, ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಅವರ ಮನೆಯಲ್ಲಿ ಕುಳಿತು, ಅಲ್ಲಿನ ಪುಸ್ತಕಗಳು, ಸಾಮಾನುಗಳು, ಅವರ ಸೋಮಾರಿ ದಿನಚರಿ ಎಲ್ಲವನ್ನೂ ಗಮನಿಸಿ ಬರೆದ ಲೇಖನ ಆ ವರ್ಷದ ಮಾರ್ಚ್ 4ರಂದು ಪ್ರಕಟವಾಯಿತು. ಬೀಟಲ್ಸ್ ಈಗ ಏಸುವಿಗಿಂತ ಹೆಚ್ಚು ಜನಪ್ರಿಯರೆಂಬ ಲೆನನ್ ಅವರ ಮಾತು ಅದರಲ್ಲಿತ್ತು. ಧರ್ಮದ ಬಗ್ಗೆ ಅವರು ಬಹಳ ಓದುತ್ತಿದ್ದಾರೆಂಬ ವಿವರವೂ ಅದರ ಪಕ್ಕದಲ್ಲೇ ಇತ್ತು. ಬ್ರಿಟನ್ನಿನಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಬೇಸಿಗೆಯಲ್ಲಿ ಡೇಟ್‌ಬುಕ್ ಎಂಬ ಅಮೆರಿಕದ ಹದಿಹರೆಯದವರ ಪತ್ರಿಕೆ ಆ ಮಾತನ್ನು ಎತ್ತಿ ಪ್ರಕಟಿಸಿ, ರಾಕ್ ಅಂಡ್ ರೋಲ್ ಮೊದಲು ಹೋಗುತ್ತದೋ ಕ್ರೈಸ್ತ ಧರ್ಮವೋ ಗೊತ್ತಿಲ್ಲವೆಂಬ ಅದರ ಪಕ್ಕದ ಸಾಲನ್ನು ಕಿತ್ತು ಮುಖಪುಟಕ್ಕೆ ತಂದಿತು. ದಕ್ಷಿಣದ ರಾಜ್ಯಗಳಲ್ಲಿ ರೇಡಿಯೊ ಕೇಂದ್ರಗಳು ಬೀಟಲ್ಸ್ ಹಾಡುಗಳನ್ನು ನಿಷೇಧಿಸಿದವು, ರೆಕಾರ್ಡುಗಳಿಗೆ ಬೆಂಕಿ ಬಿತ್ತು, ಆಗಸ್ಟ್ 11ರಂದು ಶಿಕಾಗೊದಲ್ಲಿ ಲೆನನ್ ಪತ್ರಕರ್ತರ ಮುಂದೆ ವಿವರಣೆ ಕೊಟ್ಟು ಕ್ಷಮೆ ಕೇಳಬೇಕಾಯಿತು. ಕ್ಲೀವ್ ಅವರ ಲೇಖನವನ್ನು ನಾನು ಹೊಸಬರಿಗೆ ಓದಲು ಹೇಳುವುದು ಆ ಒಂದು ವಾಕ್ಯಕ್ಕಾಗಿ ಅಲ್ಲ. ಅದರ ಸುತ್ತ ಅವರು ಎಷ್ಟನ್ನು ನೋಡಿ ಬರೆದಿದ್ದಾರೆ ಎಂಬುದಕ್ಕಾಗಿ.

ಈಗ ಕೆಲಸದ ರೀತಿಗೆ ಬರೋಣ. ದೊಡ್ಡ ಬ್ಯಾಂಡಿನವರು ಊರಿಗೆ ಬಂದಾಗ ನಿಮಗೆ ಸಿಗುವುದು ಇಪ್ಪತ್ತು ನಿಮಿಷ, ಅದೂ ಸಾಲಿನಲ್ಲಿ ಏಳನೆಯವರಾಗಿ. ಮೂಲೆಯಲ್ಲಿ ಪ್ರಚಾರ ನೋಡಿಕೊಳ್ಳುವವರು ಗಡಿಯಾರ ನೋಡುತ್ತಾ ಕುಳಿತಿರುತ್ತಾರೆ. ಭಾರತ ಹೇಗನ್ನಿಸಿತು, ಹೊಸ ಆಲ್ಬಮ್ ಹಳೆಯದಕ್ಕಿಂತ ಹೇಗೆ ಭಿನ್ನ ಎಂಬ ಪ್ರಶ್ನೆಗಳಿಗೆ ಅವರು ಬೆಳಗಿನಿಂದ ಆರು ಸಲ ಉತ್ತರಿಸಿ ಆಗಿರುತ್ತದೆ. ಅಂಥದೇ ಒಂದು ಮಧ್ಯಾಹ್ನ, ಕಿಟಕಿಯತ್ತ ಮುಖ ಮಾಡಿ ಒಂದೊಂದೇ ಮಾತಿನಲ್ಲಿ ಉತ್ತರಿಸುತ್ತಿದ್ದ ಗಿಟಾರ್ ವಾದಕರೊಬ್ಬರನ್ನು ನಾನು, ಮೂರನೆಯ ಹಾಡಿನಲ್ಲಿ ಮಾತ್ರ ಆರನೆಯ ತಂತಿಯನ್ನು ಏಕೆ ಇಳಿಸಿ ಶ್ರುತಿ ಮಾಡಿದ್ದೀರಿ ಎಂದು ಕೇಳಿದೆ. ಅವರು ಎದ್ದುಹೋಗಿ ಪೆಟ್ಟಿಗೆಯಿಂದ ಗಿಟಾರ್ ತೆಗೆದರು, ತಂತಿಯನ್ನು ಇಳಿಸಿದರು, ಹಾಡುವವನ ಗಂಟಲು ಆ ವರ್ಷ ಕೆಟ್ಟಿದ್ದರಿಂದ ಅವನಿಗಾಗಿ ಇಡೀ ಹಾಡನ್ನೇ ಕೆಳಗಿಳಿಸಬೇಕಾಯಿತೆಂದು ಹೇಳಿದರು. ಅಲ್ಲಿಂದ ಮಾತು ಅವರಿಬ್ಬರ ಗೆಳೆತನಕ್ಕೆ, ಬ್ಯಾಂಡು ಒಡೆಯುವ ಹಂತಕ್ಕೆ ಹೋದ ತಿಂಗಳುಗಳಿಗೆ ತಾನಾಗಿ ಹರಿಯಿತು. ಗೆಳೆತನದ ಬಗ್ಗೆ ನೇರವಾಗಿ ಕೇಳಿದ್ದರೆ ಒಂದಕ್ಷರವೂ ಸಿಗುತ್ತಿರಲಿಲ್ಲ. ಕೈಗೆ ವಾದ್ಯ ಬಂದರೆ ನಾಲಗೆಯ ಗಂಟು ಸಡಿಲುತ್ತದೆ. 1938ರ ಮೇ ತಿಂಗಳಲ್ಲಿ ಲೋಮ್ಯಾಕ್ಸ್ ಜಾಸ್ ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್ ಅವರನ್ನು ವಾಷಿಂಗ್ಟನ್ನಿನ ಕೂಲಿಜ್ ಸಭಾಂಗಣದಲ್ಲಿ ಪಿಯಾನೊ ಮುಂದೆಯೇ ಕೂರಿಸಿದ್ದರು. ಮಾರ್ಟನ್ ಮಾತಿನ ಕೆಳಗೆ ಮೆಲ್ಲಗೆ ಸ್ವರಗಳನ್ನು ನುಡಿಸುತ್ತಲೇ ನ್ಯೂ ಆರ್ಲಿನ್ಸ್‌ನ ತಮ್ಮ ಯೌವನವನ್ನು ಗಂಟೆಗಟ್ಟಲೆ ಹೇಳಿದರು.

ರಾಕ್ ಕಲಾವಿದರು ಹೇಳಿದ್ದೆಲ್ಲವನ್ನೂ ನಂಬಬೇಕೆಂದು ಇದರ ಅರ್ಥವಲ್ಲ. ನ್ಯೂಯಾರ್ಕ್ ಟೈಮ್ಸ್‌ನ ಜನಪದ ಸಂಗೀತ ವಿಮರ್ಶಕ ರಾಬರ್ಟ್ ಶೆಲ್ಟನ್, ಆ ನಗರದ ಗ್ರೀನಿಚ್ ವಿಲೇಜ್ ಬಡಾವಣೆಯ ಗರ್ಡೀಸ್ ಫೋಕ್ ಸಿಟಿ ಎಂಬ ಹಾಡಿನ ತಾಣದಲ್ಲಿ ಬೇರೊಂದು ತಂಡದ ಜೊತೆ ಹಾಡಿದ ಇಪ್ಪತ್ತು ವರ್ಷದ ಬಾಬ್ ಡಿಲನ್‌ನನ್ನು ಮೆಚ್ಚಿ ಬರೆದದ್ದು 1961ರ ಸೆಪ್ಟೆಂಬರ್ 29ರಂದು ಅಚ್ಚಾಯಿತು. ಆ ದಿನಗಳಲ್ಲಿ ಡಿಲನ್ ತಾನು ನ್ಯೂ ಮೆಕ್ಸಿಕೊದ ಗ್ಯಾಲಪ್ ಕಡೆಯವನೆಂದೂ, ಜಾತ್ರೆಯ ತಂಡಗಳೊಡನೆ ಅಲೆದವನೆಂದೂ ಎಲ್ಲರಿಗೂ ಹೇಳುತ್ತಿದ್ದ. ಶೆಲ್ಟನ್ ಆ ಕಥೆಗಳಿಗೆ ಮರುಳಾಗಲಿಲ್ಲ, ಹುಡುಗನನ್ನು ಬಯಲಿಗೆಳೆಯಲೂ ಹೋಗಲಿಲ್ಲ. ತನ್ನ ಹಿನ್ನೆಲೆ ಮತ್ತು ಹುಟ್ಟೂರಿನ ವಿಷಯದಲ್ಲಿ ಈತ ಅಸ್ಪಷ್ಟನಾಗಿದ್ದಾನೆ ಎಂಬಷ್ಟನ್ನು ಮಾತ್ರ ನೇರವಾಗಿ ಬರೆದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಅಚ್ಚಿನಲ್ಲಿ ಹೇಳುವ ಆ ಸಂಯಮ ನನಗೆ ಇಂದಿಗೂ ಮಾದರಿ. 1963ರ ನವೆಂಬರ್‌ನಲ್ಲಿ ನ್ಯೂಸ್‌ವೀಕ್ ಪತ್ರಿಕೆ, ಈತ ಮಿನೆಸೋಟದ ಹಿಬ್ಬಿಂಗ್‌ನಲ್ಲಿ ಬೆಳೆದ ರಾಬರ್ಟ್ ಝಿಮ್ಮರ್‌ಮನ್ ಎಂದು ಪತ್ತೆ ಹಚ್ಚಿತು. ಅದು ಸರಿಯಾದ ವರದಿಗಾರಿಕೆ. ಆದರೆ ಅದೇ ಲೇಖನದಲ್ಲಿ ಡಿಲನ್‌ನ ಅತಿ ಪ್ರಸಿದ್ಧ ಹಾಡನ್ನು ಬೇರೊಬ್ಬ ಶಾಲಾ ಹುಡುಗ ಬರೆದನೆಂಬ ಗಾಳಿಮಾತನ್ನೂ ಸೇರಿಸಿತು, ಅದು ಸುಳ್ಳಾಗಿತ್ತು. ಹೆಸರಿನ ಸುಳ್ಳನ್ನು ಕಂಡವರು ಹಾಡೂ ಸುಳ್ಳಿರಬೇಕೆಂದು ಜಿಗಿದದ್ದು ಎಷ್ಟು ಸುಲಭವಾಯಿತೋ, ಆ ಹಾಡುಗಾರನಿಗೆ ಆದ ಅನ್ಯಾಯ ಅಷ್ಟೇ ದೊಡ್ಡದು.

ಜನಪದ ಗಾಯಕರ ಮನೆಯಲ್ಲಿ ಕಷ್ಟಗಳು ಬೇರೆ ತರಹದವು. ಅಲ್ಲಿ ನಿಮಗೆ ಸಮಯದ ಕೊರತೆಯಿಲ್ಲ, ಏಕಾಂತದ ಕೊರತೆಯಿದೆ. ನೀವು ಹೋದ ಸುದ್ದಿ ತಿಳಿದು ಊರ ಹಿರಿಯರು, ಮೇಷ್ಟರು, ಗಾಯಕರ ಮಗ, ಎಲ್ಲರೂ ಬಂದು ಸುತ್ತ ಕುಳಿತುಕೊಳ್ಳುತ್ತಾರೆ. ನೀವು ಅಜ್ಜಿಯನ್ನು ಕೇಳಿದರೆ ಉತ್ತರ ಮಗನಿಂದ ಬರುತ್ತದೆ. ಅಜ್ಜಿ ಒಬ್ಬರೇ ಮಾತನಾಡುವುದು ಒಲೆಯ ಮುಂದೆ, ಇಲ್ಲವೇ ಕಾಳು ಕೇರುವಾಗ. ಆದ್ದರಿಂದ ಮೊದಲ ಸಲ ಹೋದಾಗ ಯಂತ್ರವನ್ನು ಚೀಲದಿಂದ ತೆಗೆಯಲೇಬೇಡಿ. ಕೊಯ್ಲು, ಬಿತ್ತನೆಯ ವಾರಗಳಲ್ಲಿ ಹೋಗಬೇಡಿ. ಪಟ್ಟಣದವರಿಗೆ ಏನು ಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಸರ್ಕಾರಿ ಉತ್ಸವಗಳಲ್ಲಿ ಐದು ನಿಮಿಷಕ್ಕೆ ಕತ್ತರಿಸಿ ಹಾಡಿ ರೂಢಿಯಾಗಿರುವ ತುಣುಕನ್ನೇ ಮೊದಲು ಕೊಡುತ್ತಾರೆ. ಅದನ್ನು ಪೂರ್ತಿ ಕೇಳಿ, ಆಮೇಲೆ ಇದನ್ನು ನಿಮ್ಮ ಊರಿನಲ್ಲಿ ಯಾವ ರಾತ್ರಿ, ಯಾರ ಮನೆಯಲ್ಲಿ, ಎಷ್ಟು ಹೊತ್ತು ಹಾಡುತ್ತೀರಿ ಎಂದು ಕೇಳಿ. ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರಿಗೆ ಅದು ದೀಕ್ಷೆ ಪಡೆದು ಹೊತ್ತ ಹೊಣೆ. ಮಲೆ ಮಾದೇಶ್ವರನ ಕಥೆಯನ್ನು ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರಿಗೂ ಹಾಗೆಯೇ. ಯಾವ ಭಾಗವನ್ನು ಧ್ವನಿಮುದ್ರಿಸಬಹುದು, ಯಾವುದನ್ನು ಧ್ವನಿಮುದ್ರಿಸಬಾರದು ಎಂಬುದನ್ನು ಅವರೇ ಹೇಳಲಿ. ಹೇಳಿದ ಮೇಲೆ ಅದನ್ನು ಮೀರಬೇಡಿ.

ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದ ಸ್ಥಳೀಯರ ಹೆಸರನ್ನು ಬರಹದಲ್ಲಿ ಕಡ್ಡಾಯವಾಗಿ ಸೇರಿಸಿ. ಸ್ಟೋವಾಲ್ ತೋಟಕ್ಕೆ ಹೋದ ಜಾನ್ ವರ್ಕ್ ತಾವೇ ಕಪ್ಪು ಸಮುದಾಯದವರು, ವಿದ್ವಾಂಸರು. ಆದರೂ ಆ ಯಾತ್ರೆಯ ಕೀರ್ತಿಯೆಲ್ಲ ದಶಕಗಳ ಕಾಲ ಲೋಮ್ಯಾಕ್ಸ್ ಒಬ್ಬರ ಹೆಸರಿಗೇ ಸಂದಿತು. ವರ್ಕ್ ಮತ್ತು ಅವರ ಸಹೋದ್ಯೋಗಿಗಳು ಬರೆದಿಟ್ಟಿದ್ದ ಹಸ್ತಪ್ರತಿಗಳು ಪುಸ್ತಕವಾಗಿ ಬಂದದ್ದು 2005ರಲ್ಲಿ.

ವಿಶ್ವಾಸದ ವಿಷಯ ಇನ್ನೂ ಸೂಕ್ಷ್ಮ. ಪತ್ರಕರ್ತ ಕ್ಯಾಮರಾನ್ ಕ್ರೋ 1973ರಲ್ಲಿ ಆಲ್‌ಮನ್ ಬ್ರದರ್ಸ್ ಬ್ಯಾಂಡಿನ ಜೊತೆ ರೋಲಿಂಗ್ ಸ್ಟೋನ್‌ಗಾಗಿ ಪ್ರವಾಸ ಹೋದಾಗ ಅವರಿಗೆ ಹದಿನಾರು ವರ್ಷ. ಎರಡು ವರ್ಷಗಳ ಹಿಂದೆಯಷ್ಟೇ ಅಣ್ಣ ಡ್ವೇನ್‌ನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡಿದ್ದ ಗ್ರೆಗ್ ಆಲ್‌ಮನ್, ಮನಸ್ಸು ಬಿಚ್ಚಿ ಮಾತನಾಡಿದ ಮೇಲೆ ದಿಗಿಲುಗೊಂಡು, ಈ ಹುಡುಗ ಯಾರೋ ಏನೋ ಎಂಬ ಅನುಮಾನದಿಂದ ಎಲ್ಲ ಟೇಪುಗಳನ್ನೂ ಕಿತ್ತಿಟ್ಟುಕೊಂಡರು; ಬಳಿಕ ಹಿಂದಿರುಗಿಸಿದರು, ಲೇಖನ ಡಿಸೆಂಬರಿನಲ್ಲಿ ಮುಖಪುಟಕ್ಕೆ ಬಂತು. ದುಃಖದಲ್ಲಿರುವವರು ಇಂದು ಹೇಳಿದ್ದಕ್ಕೆ ನಾಳೆ ಹೆದರುವುದು ಸಹಜ. ನಾನು ಅಂಥವರಿಗೆ ಒಂದು ವಾರದ ನಂತರ ಫೋನ್ ಮಾಡಿ, ಬೇಡವೆನ್ನಿಸಿದ ಭಾಗವಿದ್ದರೆ ಹೇಳಿ ಎಂದು ಕೇಳುತ್ತೇನೆ. ಇದು ಪತ್ರಿಕೋದ್ಯಮದ ನಿಯಮಕ್ಕೆ ವಿರುದ್ಧವೆಂದು ನನ್ನ ಸಹೋದ್ಯೋಗಿಗಳು ವಾದಿಸುತ್ತಾರೆ. ಮಂತ್ರಿಗಳ ವಿಷಯದಲ್ಲಿ ಅವರು ಹೇಳುವುದು ಸರಿ. ಮಗನನ್ನೋ ಅಣ್ಣನನ್ನೋ ಕಳೆದುಕೊಂಡ ಹಾಡುಗಾರನ ವಿಷಯದಲ್ಲಿ ನಾನದನ್ನು ಒಪ್ಪುವುದಿಲ್ಲ. ಒಪ್ಪಿಗೆಯ ಮಿತಿಯನ್ನು ಮರೆತರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. 1970ರ ಡಿಸೆಂಬರಿನಲ್ಲಿ ರೋಲಿಂಗ್ ಸ್ಟೋನ್‌ನ ಸಂಪಾದಕ ಯಾನ್ ವೆನ್ನರ್ ಲೆನನ್ ಅವರೊಂದಿಗೆ ನಡೆಸಿದ ದೀರ್ಘ ಸಂದರ್ಶನ ಆ ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಬಂದು ಚರಿತ್ರೆಯಾಯಿತು. ಅದನ್ನೇ ಲೆನನ್ ಅವರ ಇಚ್ಛೆಗೆ ವಿರುದ್ಧವಾಗಿ ಪುಸ್ತಕ ಮಾಡಿದಾಗ ಅವರಿಬ್ಬರ ಸಂಬಂಧ ಕೆಟ್ಟಿತು.

ವೃತ್ತಿಯ ಮಾತಿಗೆ ಬಂದರೆ, ಬರಿಯ ಸಂದರ್ಶನಗಳಿಂದ ಮನೆ ನಡೆಯುತ್ತದೆಂದು ನಾನು ನಿಮಗೆ ಭರವಸೆ ಕೊಡಲಾರೆ. ಸಂಗೀತ ಪತ್ರಿಕೆಗಳ ಆಯುಸ್ಸನ್ನೇ ನೋಡಿ. ಬ್ರಿಟನ್ನಿನಲ್ಲಿ 1926ರಲ್ಲಿ ಶುರುವಾದ ಮೆಲೊಡಿ ಮೇಕರ್ 2000ದಲ್ಲಿ ನಿಂತಿತು. ಅಲ್ಲಿಯೇ 1952ರಿಂದ ಬಂದ ಎನ್‌ಎಂಇ (ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್) ವಾರಪತ್ರಿಕೆಯ ಮುದ್ರಣ 2018ರಲ್ಲಿ ಕೊನೆಗೊಂಡಿತು. ನಮ್ಮಲ್ಲಿ ಕಲ್ಕತ್ತದಿಂದ ಬರುತ್ತಿದ್ದ ಜೂನಿಯರ್ ಸ್ಟೇಟ್ಸ್‌ಮನ್ 1967ರಿಂದ 1977ರವರೆಗೆ ಒಂದು ಇಡೀ ತಲೆಮಾರಿಗೆ ರಾಕ್ ಸಂಗೀತದ ರುಚಿ ಹತ್ತಿಸಿ ಮರೆಯಾಯಿತು. 1993ರಲ್ಲಿ ಅಮಿತ್ ಸೈಗಲ್ ಅಲಹಾಬಾದಿನಿಂದ ರಾಕ್ ಸ್ಟ್ರೀಟ್ ಜರ್ನಲ್ ಹೊರಡಿಸಿದಾಗ ಭಾರತದ ಬ್ಯಾಂಡುಗಳಿಗೆ ತಮ್ಮದೆಂಬ ಒಂದು ಪತ್ರಿಕೆ ಸಿಕ್ಕಿತು, ಅದೂ ಮುಂಬಯಿ, ಬೆಂಗಳೂರುಗಳನ್ನು ಬಿಟ್ಟು ಗಂಗೆಯ ತಡಿಯ ಊರಿನಿಂದ! ಆದರೆ ಇವೆಲ್ಲದರಲ್ಲಿ ಬರೆದವರಲ್ಲಿ ಬಹುಪಾಲು ಜನ ಬೇರೊಂದು ಸಂಬಳವನ್ನೂ ನೆಚ್ಚಿಕೊಂಡಿದ್ದವರೇ. ನಾನು ಹನ್ನೊಂದು ವರ್ಷ ದಿನಪತ್ರಿಕೆಯ ಸುದ್ದಿಮೇಜಿನಲ್ಲಿ ರಾತ್ರಿ ಪಾಳಿ ಮಾಡಿದೆ, ಅನುವಾದ ಮಾಡಿದೆ, ಆಲ್ಬಮ್‌ಗಳ ಹಿಂಬದಿಯ ಟಿಪ್ಪಣಿಗಳನ್ನು ಬರೆದೆ. ಸುದ್ದಿಮೇಜು ಕಲಿಸುವುದು ಕಡಿಮೆಯೇನಲ್ಲ. ತಲೆಬರಹ ಎಲ್ಲಿ ದಾರಿ ತಪ್ಪುತ್ತದೆಂದು ಅಲ್ಲಿ ಕುಳಿತವರಿಗೇ ಗೊತ್ತು. ನೀವು ಎರಡು ಭಾಷೆಗಳಲ್ಲಿ ಬರೆಯಬಲ್ಲವರಾದರೆ, ಕನ್ನಡದ ಜನಪದ ಗಾಯಕರನ್ನು ಇಂಗ್ಲಿಷ್ ಓದುಗರಿಗೂ, ಹೊರಗಿನ ರಾಕ್ ಚರಿತ್ರೆಯನ್ನು ಕನ್ನಡಕ್ಕೂ ತರಬಲ್ಲವರಾದರೆ, ಹತ್ತು ವರ್ಷಗಳಲ್ಲಿ ನಿಮ್ಮ ಹೆಸರಿಗೇ ಕೆಲಸ ಹುಡುಕಿಕೊಂಡು ಬರುತ್ತದೆ. ಷರೀಫರ ಪದಗಳನ್ನು ಗಿಟಾರಿನೊಂದಿಗೆ ಹಾಡಿದ ರಘು ದೀಕ್ಷಿತ್ ಅವರಂಥವರ ಬಗ್ಗೆ ಬರೆಯಲು ಏಕತಾರಿಯೂ ಗೊತ್ತಿರುವ, ಎಲೆಕ್ಟ್ರಿಕ್ ಗಿಟಾರೂ ಗೊತ್ತಿರುವ ಬರಹಗಾರರು ಬೇಕು, ಅಂಥವರು ವಿರಳ.

ಮಾತನ್ನು ಬರಹಕ್ಕಿಳಿಸುವ ಕೆಲಸವನ್ನು ಯಂತ್ರಕ್ಕೋ ಬೇರೆಯವರಿಗೋ ಒಪ್ಪಿಸದೆ ನೀವೇ ಮಾಡಿ. ಒಂದು ಗಂಟೆಯ ಮಾತಿಗೆ ನನಗೆ ಇಂದಿಗೂ ನಾಲ್ಕರಿಂದ ಐದು ಗಂಟೆ ಹಿಡಿಯುತ್ತದೆ. ಎದುರಿಗಿದ್ದಾಗ ಕೇಳಿಸದೇ ಹೋದ ಅನುಮಾನ, ನುಂಗಿಕೊಂಡ ಹೆಸರು, ಪ್ರಶ್ನೆಗೆ ಮುಂಚಿನ ಮೌನ, ಇವೆಲ್ಲ ಆಗ ಕಿವಿಗೆ ಬೀಳುತ್ತವೆ. ಗಾಯಕರ ಮಾತಿನ ಕನ್ನಡವನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಹಾಡಿನಲ್ಲಿ ‘ಐತಿ’ ಎನ್ನುವವರ ಬಾಯಲ್ಲಿ ಮಾತಿನಲ್ಲಿ ‘ಇದೆ’ ಎನ್ನಿಸಿದರೆ ಹಾಡಿಗೂ ಹಾಡುವವರಿಗೂ ನಡುವೆ ನೀವೇ ಗೋಡೆ ಕಟ್ಟಿದಂತೆ. ಪ್ರತಿ ಮುದ್ರಣದ ಆರಂಭದಲ್ಲಿಯೇ ದಿನಾಂಕ, ಊರು, ಎದುರಿಗಿರುವವರ ಹೆಸರು, ವಾದ್ಯ ಇಷ್ಟನ್ನೂ ನಿಮ್ಮ ದನಿಯಲ್ಲಿ ಹೇಳಿಡಿ. ಎರಡು ಯಂತ್ರಗಳಲ್ಲಿ ಮುದ್ರಿಸಿ; ಅದರಲ್ಲಿ ಒಂದು ಫೋನ್ ಆಗಿದ್ದರೆ ಕರೆ ಬಾರದಂತೆ ಮಾಡಿಡಿ.

ಕೊನೆಗೆ, ಧ್ವನಿಮುದ್ರಿಸಿದ್ದರ ಒಂದು ಪ್ರತಿಯನ್ನು ಹಾಡಿದವರಿಗೆ ತಲುಪಿಸಿ. ಇದನ್ನು ಶಿಷ್ಟಾಚಾರವೆಂದು ಹೇಳುತ್ತಿಲ್ಲ, ಸಂದರ್ಶನದ ಅರ್ಧ ಕೆಲಸವೆಂದೇ ಹೇಳುತ್ತಿದ್ದೇನೆ. ಲೋಮ್ಯಾಕ್ಸ್ ಸ್ಟೋವಾಲ್ ತೋಟಕ್ಕೆ ರೆಕಾರ್ಡಿನ ಎರಡು ಪ್ರತಿಗಳನ್ನೂ ಇಪ್ಪತ್ತು ಡಾಲರಿನ ಚೆಕ್ಕನ್ನೂ ಕಳಿಸಿದರು. ಮಡ್ಡಿ ವಾಟರ್ಸ್ ಒಂದು ಪ್ರತಿಯನ್ನು ಊರಿನ ಜೂಕ್‌ಬಾಕ್ಸಿಗೆ ಹಾಕಿಸಿ, ತಮ್ಮದೇ ದನಿಯನ್ನು ಮತ್ತೆ ಮತ್ತೆ ಕೇಳಿ, ಇದು ತಮ್ಮಿಂದ ಸಾಧ್ಯವೆಂದು ಅಂದುಕೊಂಡರಂತೆ. ಮುಂದೆ ಅದನ್ನು ಅವರೇ ಸಂದರ್ಶಕರಿಗೆ ನೆನೆದು ಹೇಳಿದ್ದಾರೆ. ನನ್ನ ಹಾವೇರಿಯ ಹಿರಿಯರ ಮನೆಗೆ ನಾನು ಒಂದು ಪೆನ್‌ಡ್ರೈವ್ ಕೊಟ್ಟಿದ್ದೆ. ಮೇಳದವರ ಮುಂದೆ ಅದನ್ನು ಹಾಕಿದ ದಿನ, ಅವರು ತಮ್ಮ ನುಡಿ ಬರುವ ಜಾಗದಲ್ಲಿ ಕೈಯೆತ್ತಿ ತೋರಿಸಿದರು. ಮುಂದಿನ ಭಜನೆಯಲ್ಲಿ ಮೇಳದವರು ಆ ನುಡಿಯನ್ನೂ ಸೇರಿಸಿ ಹಾಡಿದರು.